ಕೆಳಗಿನ ಮನೆಯವರ ನೆತ್ತಿಯ ಮೇಲೆ ಬಡಿದ ರೊಟ್ಟಿ

ನನಗೆ ಸಿಟ್ಟು ಬೇಗ ಬರುತ್ತದೆ, ಬೇಗ ಹೋಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಬರೆಯುವುದೆಲ್ಲ ಆ ಸಿಟ್ಟಿನ ಕಥೆಯೇ.

ದಸರೆಗೆ ಇನ್ನೊಂದು ವಾರವಿತ್ತು. ಭಾನುವಾರ ಬೆಳಿಗ್ಗೆ ಕರೆಗಂಟೆ ಸದ್ದಾಯಿತು. ಬಾಗಿಲು ತೆಗೆದರೆ ನಮ್ಮ ಕೆಳಗಿನ ಮನೆಯ ಯಜಮಾನರು ನಿಂತಿದ್ದಾರೆ. ಅವರೂ ನಮ್ಮ ಹಾಗೆ ನಿವೃತ್ತರು, ಇಲ್ಲಿ ಹೈದರಾಬಾದಿನವರೇ, ತೆಲಂಗಾಣದವರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ. ದಿನಾ ಬೆಳಿಗ್ಗೆ ನನ್ನ ಗಂಡನ ಜೊತೆ ಪಾರ್ಕಿನಲ್ಲಿ ವಾಕಿಂಗ್ ಮಾಡುತ್ತಾರೆ. ಚಹಾಕ್ಕೆ ಬಂದಿರಬೇಕು ಎಂದುಕೊಂಡು ಒಳಗೆ ಕರೆದೆ. ಬರಲಿಲ್ಲ. ಚಪ್ಪಲಿ ಬಿಡುವ ಜಾಗದಲ್ಲೇ ನಿಂತು, ತಮ್ಮ ತೆಲುಗಿನಲ್ಲಿ, ಬಾಯಿಪಾಠ ಒಪ್ಪಿಸುವವರ ಹಾಗೆ ಗಡಬಡಿಸಿ ಹೇಳಿದರು:

"ಅಮ್ಮಾ, ಮಧ್ಯಾಹ್ನ ನೀವು ರೊಟ್ಟಿ ಬಡಿಯೋ ಸದ್ದು ನಮ್ಮ ಮನೆಗೆಲ್ಲಾ ಕೇಳಿಸುತ್ತೆ. ನನಗೆ ಬಿಪಿ. ನಿದ್ದೆ ಬರೋದಿಲ್ಲ. ದಯವಿಟ್ಟು ನಿಲ್ಲಿಸಿಬಿಡಿ. ಈಗ ರೊಟ್ಟಿ ಎಲ್ಲಾ ಕಡೆ ಸಿಗುತ್ತಲ್ಲ, ಕೊಂಡು ತಿನ್ನಿ."

ಹೇಳಿದವರು ನನ್ನ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಹೋದರು. ನನ್ನ ಗಂಡ ಪೇಪರ್ ಹಿಡಿದು ಕುರ್ಚಿಯಲ್ಲೇ ಕುಳಿತಿದ್ದರು. ಪೇಪರ್ ಇಳಿಯಲಿಲ್ಲ.

ಸದ್ದಾಗುತ್ತದೆ ಎಂದಿದ್ದರೆ ಕೇಳಿಸಿಕೊಳ್ಳಬಹುದಿತ್ತೇನೋ. "ಕೊಂಡು ತಿನ್ನಿ" ಎಂದರಲ್ಲ, ಅದಕ್ಕೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ನಾನು ರೊಟ್ಟಿ ಕೊಂಡು ತಿನ್ನುವುದೇ?

ನಾನೂ ನನ್ನ ಗಂಡನೂ ವಿಜಯಪುರದ ಕಡೆಯವರು. ನಾನು ಹೈದರಾಬಾದಿನ ಒಂದು ಕನ್ನಡ ಶಾಲೆಯಲ್ಲಿ ಆಟದ ಟೀಚರ್ ಆಗಿದ್ದವಳು. ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮತ್ತೆ ಬೀಗರ ಮುಂದೆ, "ಹುಡುಗರ್ನ ಓಡಿಸಾಡೋಕಿ, ಈಕಿಗೆಲ್ಲಿ ರೊಟ್ಟಿ ಬರ್ತಾವ?" ಎಂದಿದ್ದರು. ಆ ಮಾತಿಗೆ ಹಲ್ಲು ಕಡಿದುಕೊಂಡು ಕಲಿತ ರೊಟ್ಟಿ ನನ್ನದು. ಹುಣ್ಣಿಮೆ ಚಂದ್ರನ ಹಾಗೆ ದುಂಡಗೆ, ಅಂಚು ಒಡೆಯದ ಹಾಗೆ, ಹಂಚಿನ ಮೇಲೆ ಹಾಕಿದ ಕೂಡಲೇ ಉಬ್ಬುವ ರೊಟ್ಟಿ. ಕೊನೆಗಾಲದಲ್ಲಿ ನಮ್ಮತ್ತೆ ಬೇರೆ ಯಾರ ಕೈಯ ರೊಟ್ಟಿಯನ್ನೂ ಮುಟ್ಟುತ್ತಿರಲಿಲ್ಲ. ನನ್ನ ಕೈಯ ರೊಟ್ಟಿ ಕಾದುಕೊಂಡು ಕೂತಿರುತ್ತಿದ್ದ ಆ ಮುಖ ನೋಡಿದಾಗಲೆಲ್ಲ ನನಗೆ ಹೊಟ್ಟೆ ತುಂಬುತ್ತಿತ್ತು. ಅದು ಪ್ರೀತಿಯೋ ಸೇಡೋ, ನನಗಿನ್ನೂ ಬಗೆಹರಿದಿಲ್ಲ.

ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಬೇಕು. ನನ್ನ ಬಲಗೈ ಮಣಿಕಟ್ಟು ಉಗಾದಿಯಿಂದಲೇ ಸರಿಯಿರಲಿಲ್ಲ. ಒದ್ದೆ ಬಟ್ಟೆ ಹಿಂಡುವಾಗ, ಡಬ್ಬಿಯ ಮುಚ್ಚಳ ತಿರುವುವಾಗ ಜೀವ ಹೋಗುತ್ತಿತ್ತು. ಹಿಟ್ಟು ನಾದಿ ಮುಗಿಸುವಷ್ಟರಲ್ಲಿ ಕಣ್ಣಲ್ಲಿ ನೀರು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಏನಾಗುತ್ತದೆಂದು ಗೊತ್ತಿತ್ತು: ರೊಟ್ಟಿ ಬಿಡು ಎನ್ನುತ್ತಾರೆ. ಶಾಲೆ ಬಿಟ್ಟಾಗಿತ್ತು, ಸೀಟಿ ಬಿಟ್ಟಾಗಿತ್ತು, ಮಂಡಿ ನೋವಿಗೆ ಮೆಟ್ಟಿಲು ಹತ್ತುವುದನ್ನೂ ಬಿಟ್ಟಾಗಿತ್ತು. ನನ್ನದು ಎಂದು ಹೇಳಿಕೊಳ್ಳಲು ಉಳಿದಿದ್ದು ಈ ರೊಟ್ಟಿ ಒಂದೇ. ಅದನ್ನು ಕೈಯೇ ಬಿಡಿಸಲು ನೋಡುತ್ತಿತ್ತು, ಈಗ ಕೆಳಗಿನ ಮನೆಯವರು ಬೇರೆ.

"ಯಾಕ ಸುಮ್ನ ಕುಂತ್ರಿ? ಒಂದ್ ಮಾತು ಅನ್ನಾಕ ಬಾಯಿ ಇರ್ಲಿಲ್ಲೇನು ನಿಮಗ?" ಎಂದು ಗಂಡನ ಮೇಲೆ ಹರಿಹಾಯ್ದೆ.

"ಹಿರ್ಯಾರು ಪಾಪ, ಬಿಪಿ ಐತಿ ಅಂತಾರ. ಬಿಟ್ಟುಬಿಡು. ಚಪಾತಿ ಮಾಡಿದ್ರ ನಡೀತೈತಿ."

"ಚಪಾತಿ! ಆಸ್ಪತ್ರ್ಯಾಗ ಅದೀರೇನು ಚಪಾತಿ ತಿನ್ನಾಕ?"

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ, ಆ ಮನುಷ್ಯ ನನ್ನ ಕೈಗೆ ಸಿಗದೆ ಎಲ್ಲಿ ಹೋಗುತ್ತಾನೆ, ನೋಡೋಣ ಎಂದುಕೊಂಡೆ.

ನಾನು ದಿನಾ ರೊಟ್ಟಿಗೆ ಕೈ ಹಾಕುತ್ತಿದ್ದುದು ಹನ್ನೆರಡರ ಸುಮಾರಿಗೆ. ಸೋಮವಾರದಿಂದ ಅದನ್ನು ಎರಡು ಗಂಟೆಗೆ ತಳ್ಳಿದೆ. ಕೆಳಗಿನವರು ಬೇಗ ಉಂಡು ಆ ಹೊತ್ತಿಗೆ ಮಲಗುತ್ತಾರೆಂದು ನನ್ನ ಗಂಡನೇ ಹಿಂದೆ ಯಾವಾಗಲೋ ಹೇಳಿದ್ದರು. ಮೊದಲೆಲ್ಲ ಹಿಟ್ಟು ಕಲಸುವ ಅಗಲ ತಟ್ಟೆ, ಪರಾತದಲ್ಲಿ ಬಡಿಯುತ್ತಿದ್ದವಳು ಈಗ ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೇ ಹಿಟ್ಟಿಟ್ಟು ಶುರುಮಾಡಿದೆ. ಕಟ್ಟೆ ಗೋಡೆಗೆ ಸೇರಿದೆ, ಗೋಡೆ ಕೆಳಗಿನ ಮನೆಗೆ ಸೇರಿದೆ. ಇಬ್ಬರಿಗೆ ನಾಲ್ಕು ಸಾಕಾಗುವಲ್ಲಿ ಹನ್ನೆರಡು ಬಡಿದೆ. ಒಂದೊಂದು ಏಟಿಗೂ "ಕೊಂಡು ತಿನ್ನಿ, ಕೊಂಡು ತಿನ್ನಿ" ಎಂದು ಮನಸ್ಸಿನಲ್ಲೇ ತಾಳ ಹಾಕಿಕೊಂಡೆ. ಕೈ ಸಿಡಿಯುತ್ತಿತ್ತು, ಹೊಟ್ಟೆ ಮಾತ್ರ ತಣ್ಣಗಿತ್ತು. ಗಂಡ ಹಸಿದುಕೊಂಡು ಅಡುಗೆಮನೆ ಬಾಗಿಲಿಗೆ ಬಂದು ನಿಂತು, "ಸಾಕ ಬಿಡಽ, ಸಾಕು," ಎನ್ನುತ್ತಲೇ ಇದ್ದರು. ಹೆಚ್ಚಾದ ರೊಟ್ಟಿಯನ್ನು ವಾಚ್‌ಮನ್‌ಗೆ, ಮನೆಗೆಲಸದವಳಿಗೆ, ಲಿಫ್ಟಿನಲ್ಲಿ ಸಿಕ್ಕ ಐಟಿ ಹುಡುಗಿಯರಿಗೆ ಹಂಚಿದೆ. ಕೆಳಗಿನ ಮನೆಯ ಬಾಗಿಲ ಮುಂದೆ ಹಾದು ಹೋಗುವಾಗ ತಟ್ಟೆಯನ್ನು ಬೇಕೆಂದೇ ಎತ್ತಿ ಹಿಡಿದೆ.

ಅಂದು ಸಂಜೆ ತರಕಾರಿಗೆ ಹೊರಟೆವು. ಕೊಂಡಾಪುರದ ನಮ್ಮ ರಸ್ತೆಯ ತಿರುವಿನಲ್ಲಿ ಸಂಜೆಯಾದರೆ ಹೆಂಗಸರು ಒಲೆ ಹೂಡಿ ಜೊನ್ನ ರೊಟ್ಟೆ ಮಾಡಿ ಮಾರುತ್ತಾರೆ. ನಮ್ಮ ಜೋಳದ ರೊಟ್ಟಿಯೇ, ಹೆಸರು ಮಾತ್ರ ತೆಲುಗಿನದು. ಅಲ್ಲಿ ಯಾರು ನಿಂತಿದ್ದಾರೆ? ಕೆಳಗಿನವರು! ಪೇಪರಿನಲ್ಲಿ ರೊಟ್ಟಿ ಸುತ್ತಿಸಿಕೊಳ್ಳುತ್ತಿದ್ದಾರೆ. ಆ ಹೆಂಗಸು ಅವರ ಮೊಣಕಾಲ ಹತ್ತಿರವೇ ಕೂತು ತಪತಪ ಬಡಿಯುತ್ತಿದ್ದಾಳೆ, ಇವರು ನಗುನಗುತ್ತ ಅವಳ ಜೊತೆ ಮಾತಾಡುತ್ತಿದ್ದಾರೆ. ಅಲ್ಲಿ ಬಿಪಿ ಇಲ್ಲ, ಏನಿಲ್ಲ.

"ನೋಡ್ರಿ, ನೋಡ್ರಿ ನಿಮ್ಮ ಹಿರ್ಯಾರ್ನ!" ಎಂದೆ.

ನನ್ನ ಗಂಡ ಬದನೆಕಾಯಿ ಆರಿಸುವುದರಲ್ಲಿ ತಲೆ ಹುದುಗಿಸಿಬಿಟ್ಟರು. ಆರಿಸಿದ್ದರಲ್ಲಿ ಅರ್ಧ ಹುಳುಕು.

ಮಂಗಳವಾರ ಉಪ್ಪಿಟ್ಟು ತಿಂದು ಮುಗಿಸಿದವರೇ ನನ್ನ ಗಂಡ, "ನಡಿ, ಅಮೀರ್‌ಪೇಟಕ್ಕ ಹೋಗಿ ಬರೂಣು. ಚಷ್ಮಾದ ಕಡ್ಡಿ ಸಡ್ಲ ಆಗೈತಿ," ಎಂದರು. ಕನ್ನಡಕದಂಗಡಿ ನಮ್ಮ ಬೀದಿಯಲ್ಲೇ ಇದೆ. ಅಲ್ಲಿ ಸರಿಯಾಗಿ ಮಾಡುವುದಿಲ್ಲವಂತೆ. ಸರಿ, ಹೊರಗೆ ಹೋಗಿಯೂ ಬಹಳ ದಿನವಾಗಿತ್ತು ಎಂದು ಆಟೋದಲ್ಲಿ ಮೆಟ್ರೋ ಸ್ಟೇಶನ್ನಿಗೆ ಹೋಗಿ, ರೈಲು ಹತ್ತಿ ಹೋದೆವು. ಅಮೀರ್‌ಪೇಟೆಯಲ್ಲಿ ಎಂದಿನಂತೆ ಕಾಲಿಡಲು ಜಾಗವಿಲ್ಲ. ಕೋಚಿಂಗ್ ಹುಡುಗರು, ಹಾಸ್ಟೆಲ್ ಬೋರ್ಡುಗಳು, ಕೈಗೆ ಕಾಗದ ತುರುಕುವವರು. ಒಬ್ಬ ನನ್ನ ಕೈಗೂ ಯಾವುದೋ ಕಂಪ್ಯೂಟರ್ ಕೋರ್ಸಿನ ಕಾಗದ ಕೊಟ್ಟ. ಕಡ್ಡಿ ಬಿಗಿ ಮಾಡಿಸುವುದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯಿತು. ಆಮೇಲೆ ಇವರು ಚಹಾ ಎಂದರು, ಬಿಸ್ಕೀಟು ಎಂದರು, ಸ್ಟೇಶನ್ನಿಗೆ ಬಂದು ನನ್ನನ್ನು ಹತ್ತಿಸಿದ್ದು ಮನೆಯ ಕಡೆಗಲ್ಲ, ತದ್ವಿರುದ್ಧ ದಿಕ್ಕಿನ ರೈಲಿಗೆ. ನನಗೆ ಗೊತ್ತಾಗುವಷ್ಟರಲ್ಲಿ ಸಿಕಂದರಾಬಾದ್ ಹತ್ತಿರ ಬಂದಿತ್ತು.

"ಜೀವಮಾನ ಪೂರ್ತಿ ಇದೇ ಊರಾಗ ಬಸ್ಸು ರೈಲು ಹತ್ತಿ ಆಫೀಸಿಗೆ ಹೋದವ್ರು, ನಿಮಗ ದಿಕ್ಕ ತಪ್ತೇನು?"

"ವಯಸ್ಸಾತಲ್ಲ," ಎಂದು ಕಿಟಕಿಯ ಕಡೆ ತಿರುಗಿದರು.

ಮನೆ ಮುಟ್ಟುವಷ್ಟರಲ್ಲಿ ನಾಲ್ಕಾಗಿತ್ತು. ಕೆಳಗಿನವರು ಹಾಯಾಗಿ ನಿದ್ದೆ ಮಾಡಿ ಎದ್ದಿರುತ್ತಾರೆ ಎಂದು ನೆನೆದರೆ ಸಂಕಟವಾಯಿತು. ಸೀರೆ ಕೂಡ ಬದಲಿಸದೆ ಹಿಟ್ಟು ಕಲಸಿ ಬಡಿದೆ. ನಿದ್ದೆ ಕೆಡಿಸಲಾಗದಿದ್ದರೆ ಅವರ ಸಂಜೆಯ ಚಹಾವಾದರೂ ಕೆಡಲಿ.

ಹೀಗೆ ಬಡಿದರೆ ಹಿಟ್ಟು ಉಳಿಯುವುದೆಲ್ಲಿಂದ? ಬುಧವಾರ ಬೆಳಿಗ್ಗೆ ಜೋಳದ ಚೀಲ ಕೊಟ್ಟು ಗಂಡನನ್ನು ಗಿರಣಿಗೆ ಕಳಿಸಿದೆ. ಚೀಲ ಹೇಗೆ ಹೋಯಿತೋ ಹಾಗೇ ವಾಪಸ್ ಬಂತು. "ಗಿರಣಿ ಬಂದ್ ಐತಿ. ಹಬ್ಬ ಆಗೂತನಾ ತೆಗ್ಯಂಗಿಲ್ಲಂತ," ಎಂದರು. ನಂಬಿದೆ. ಆದರೆ ಕೊತ್ತಂಬರಿ ತರಲು ನಾನೇ ಹೊರಗೆ ಹೋದಾಗ ಗಿರಣಿಯ ಬಾಗಿಲು ತೆರೆದೇ ಇತ್ತು, ಗರಗರ ಸದ್ದು ಬೀದಿಯ ತುದಿಯವರೆಗೆ ಕೇಳುತ್ತಿತ್ತು. ವಾಪಸ್ ಬಂದು ಚೀಲವನ್ನು ನಾನೇ ಎಡಗೈಯಲ್ಲಿ ಎತ್ತಿಕೊಂಡು ಹೋಗಿ, ಗೋಧಿ ಬೀಸಿದ ಕಲ್ಲಿಗೆ ನನ್ನ ಜೋಳ ಹಾಕಬೇಡ ಎಂದು ಗಿರಣಿಯವನ ಹತ್ತಿರವೂ ಜಗಳವಾಡಿ, ಬಿಸಿಬಿಸಿ ಹಿಟ್ಟು ತಂದೆ.

"ಸುಳ್ಳು ಯಾಕ ಹೇಳಿದ್ರಿ?" ಎಂದು ಕೇಳಿದರೆ, "ನಾ ಹೋದಾಗ ಬಂದ್ ಇತ್ತು," ಎಂದರು. ಆ ಮುಖ ನೋಡಿದರೆ ಸುಳ್ಳೆಂದು ಕುರುಡರಿಗೂ ತಿಳಿಯಬೇಕು.

ನನಗೆ ಆಗ ತಿಳಿದಿದ್ದು ಒಂದೇ: ನನ್ನ ಗಂಡ ಹೇಡಿ. ವಾಕಿಂಗ್ ಗೆಳೆಯನಿಗೆ ಬೇಜಾರಾಗುತ್ತದೆಂದು ಹೆಂಡತಿಯ ಮಾನ ಮಾರುವವರು. ಇಷ್ಟೆಲ್ಲಾ ಆದಮೇಲೂ ಅವರ ಜೊತೆ ವಾಕಿಂಗ್ ಬಿಟ್ಟಿರಲಿಲ್ಲ! ಬಾಲ್ಕನಿಯಲ್ಲಿ ನಿಂತು ನೋಡಿದರೆ ಇಬ್ಬರೂ ಪಾರ್ಕಿನ ಮೂಲೆಯಲ್ಲಿ ತಲೆಗೆ ತಲೆ ತಾಗಿಸಿ ಪಿಸುಪಿಸು ಮಾತಾಡುತ್ತಿದ್ದರು. ನನ್ನ ಹಗೆಯ ಜೊತೆ ನನ್ನ ಗಂಡ. ಮನೆಗೆ ಬಂದವರಿಗೆ ಆ ದಿನ ಚಹಾಕ್ಕೆ ಸಕ್ಕರೆ ಹಾಕಲಿಲ್ಲ. ಕೇಳುವ ಧೈರ್ಯವಾಗದೆ ಹಾಗೇ ಕುಡಿದರು. ಅವರ ಮೇಲೆ ನನ್ನ ಸೇಡು ಸದ್ಯಕ್ಕೆ ಅಷ್ಟೇ ಇತ್ತು.

ಗುರುವಾರ ಇಲ್ಲಿಯ ಹೂವಿನ ಹಬ್ಬ ಬತುಕಮ್ಮದ ಕೊನೆಯ ದಿನ. ಹೂವಿನ ಗೋಪುರ ಕಟ್ಟಿ ನಡುವೆ ಇಟ್ಟು, ಅಪಾರ್ಟ್‌ಮೆಂಟಿನ ಹೆಂಗಸರೆಲ್ಲ ಸುತ್ತ ಚಪ್ಪಾಳೆ ತಟ್ಟಿ ಹಾಡುತ್ತ ಕುಣಿಯುತ್ತಾರೆ. ಸ್ಪೀಕರ್ ಹಾಕಿದ್ದರು. ಕೆಳಗಿನ ಮನೆಯ ಕಿಟಕಿ ಅದರ ಎದುರಿಗೇ ಇದೆ. ಈ ಸದ್ದಿಗೆ ಏನೂ ಅನ್ನದವರಿಗೆ ನನ್ನ ನಾಲ್ಕು ರೊಟ್ಟಿಯ ಸದ್ದು ಹೆಚ್ಚಾಯಿತೇ ಎಂದು ನೆನೆನೆನೆದು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆಯಲು ಹೋದೆ. ಎರಡನೇ ಸುತ್ತಿಗೇ ಮಣಿಕಟ್ಟಿನಿಂದ ಮೊಣಕೈವರೆಗೆ ಬೆಂಕಿ ಹತ್ತಿದ ಹಾಗಾಯಿತು. ಎಡಗೈಯನ್ನು ತೊಡೆಗೆ ತಟ್ಟಿಕೊಂಡು ಸುತ್ತು ಮುಗಿಸಿದೆ. ಯಾರೂ ನೋಡಲಿಲ್ಲ ಎಂದುಕೊಂಡೆ. ಮನೆಗೆ ಬಂದು ನೋಡಿಕೊಂಡರೆ ಮಣಿಕಟ್ಟು ಊದಿ, ಬಳೆ ಚರ್ಮದೊಳಗೆ ಹೂತಿತ್ತು. ಸೋಪು ಹಚ್ಚಿ ಬಳೆ ತೆಗೆದು, ಸೆರಗು ಹೊದ್ದುಕೊಂಡು ಕೂತೆ. ಗಂಡ ನೋವಿನ ಮುಲಾಮು ತಂದು ಟೀಪಾಯಿ ಮೇಲಿಟ್ಟು, "ನನ್ನ ಮೊಣಕಾಲಿಗೆ ತಂದಿದ್ದೆ," ಎಂದು ಟಿವಿ ನೋಡತೊಡಗಿದರು. ನಾನು ಅದನ್ನು ಮುಟ್ಟಲಿಲ್ಲ.

ಶುಕ್ರವಾರ ಮತ್ತೆ ಇವರಿಗೆ ತಿರುಗಾಟದ ಹುಚ್ಚು. ಮಾದಾಪುರದ ಕೆರೆ ನೋಡೋಣವಂತೆ, ಬುತ್ತಿ ಕಟ್ಟಿಕೋ ಎಂದರು. ಉರಿಬಿಸಿಲಲ್ಲಿ ಕೆರೆ ನೋಡುವುದೇ? ಆದರೂ ಹೊರಟೆ, ಯಾಕೆಂದರೆ ಕೈ ಅಂದು ನಿಜವಾಗಿಯೂ ಏಳುತ್ತಿರಲಿಲ್ಲ, ಅದನ್ನು ಬಾಯಿಬಿಟ್ಟು ಒಪ್ಪಿಕೊಳ್ಳುವುದಕ್ಕಿಂತ ಬಿಸಿಲೇ ಮೇಲು. ಲಿಫ್ಟಿನಲ್ಲಿ ಕೆಳಗಿನವರು ಸಿಕ್ಕರು. ಕೈಮುಗಿದು, "ಅಮ್ಮಾ, ಒಂದು ಮಾತು," ಎಂದರು. ನನ್ನ ಗಂಡ ಜೋರಾಗಿ ಕೆಮ್ಮಿದರು. ನಾನು ಗೋಡೆಯ ಕಡೆ ತಿರುಗಿ ನಿಂತು, ಲಿಫ್ಟ್ ನಿಂತ ಕೂಡಲೇ ಇಳಿದುಬಿಟ್ಟೆ. ಇಳಿದಿದ್ದು ಬೇರೆ ಮಹಡಿ. ಅಲ್ಲಿಂದ ಮಂಡಿ ಹಿಡಿದುಕೊಂಡು ಮೆಟ್ಟಿಲು ಇಳಿದೆ, ಆದರೆ ಮತ್ತೆ ಆ ಲಿಫ್ಟಿಗೆ ಕಾಲಿಡಲಿಲ್ಲ.

ಕೆರೆಯ ಹತ್ತಿರ ನನ್ನ ಚಪ್ಪಲಿಯ ಉಂಗುಟ ಕಿತ್ತು ಹೋಯಿತು. ಕರೆದ ಕ್ಯಾಬ್‌ನವನು ಬರುತ್ತೇನೆಂದು ಹೇಳಿ ಹೇಳಿ ಬರಲೇ ಇಲ್ಲ. ಸುಡುವ ಫುಟ್‌ಪಾತಿನ ಮೇಲೆ ಬರಿಗಾಲಲ್ಲಿ ಕುಣಿಯುತ್ತ ನಡೆದೆ. ಗಂಡ ತಮ್ಮ ಚಪ್ಪಲಿ ಬಿಚ್ಚಿ ಕೊಟ್ಟರು. ದೋಣಿಯಂಥ ಅದನ್ನು ಎಳೆದುಕೊಂಡು ನಾನು, ಬರಿಗಾಲಲ್ಲಿ ಅವರು, ರಸ್ತೆಯಲ್ಲಿ ಕಂಪನಿಗಳ ಹುಡುಗ ಹುಡುಗಿಯರು ನಮ್ಮನ್ನು ನೋಡಿ ನಗುತ್ತಿದ್ದರು. ಬೇರೆ ಯಾವಾಗಲಾದರೂ ಆಗಿದ್ದರೆ ನಾನೂ ನಗುತ್ತಿದ್ದೆ. ಅಂದು ಒಂದೇ ಯೋಚನೆ: ನಾಳೆ ದಸರಾ, ನಾಳೆ ಅವರನ್ನು ಹೇಗೆ ಹಿಡಿಯಬೇಕು?

ದಸರೆಯ ಸಂಜೆ ನಮ್ಮ ಕಡೆ ಬನ್ನಿ ಕೊಡುತ್ತೇವೆ. "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದು ಎಲೆ ಕೈಗಿಟ್ಟರೆ, ಎಷ್ಟು ದೊಡ್ಡ ಜಗಳವಿದ್ದರೂ ಅಲ್ಲಿಗೆ ಮುಗಿಯಬೇಕು. ಇಲ್ಲಿಯೂ ಅದೇ ಎಲೆ. ಇವರು ಜಮ್ಮಿ ಎನ್ನುತ್ತಾರೆ, ಕೊಟ್ಟು ತಬ್ಬಿಕೊಳ್ಳುತ್ತಾರೆ. ಅಂದಮೇಲೆ ಕೆಳಗಿನವರು ನನಗೆ ಜಮ್ಮಿ ಕೊಡಲು ಬಂದೇ ಬರುತ್ತಾರೆ. ಎಲ್ಲರ ಎದುರಿಗೆ ಕೈ ಹಿಂದಕ್ಕೆ ಕಟ್ಟಿ ನಿಂತುಬಿಡಬೇಕು. ದಸರೆಯ ದಿನ ಬನ್ನಿ ಬೇಡ ಎನ್ನುವುದಕ್ಕಿಂತ ದೊಡ್ಡ ಅವಮಾನ ಈ ಎರಡೂ ಸೀಮೆಯಲ್ಲಿ ಇಲ್ಲ. ರಾತ್ರಿಯೆಲ್ಲ ಅದನ್ನೇ ನೆನೆದು ಸುಖಪಟ್ಟೆ.

ಹಬ್ಬದ ದಿನ ಎಡಗೈಯಲ್ಲೇ ಹೇಗೋ ಹೋಳಿಗೆ ತಟ್ಟಿ, ಸಂಜೆ ಇಳಕಲ್ ಸೀರೆ ಉಟ್ಟು ಅಂಗಳಕ್ಕೆ ಇಳಿದೆ. ಕೈ ಊದಿದ್ದು ಕಾಣದ ಹಾಗೆ ಸೆರಗು ಹೊದ್ದಿದ್ದೆ. ಅಂಗಳದ ತುಂಬ ಜನ, ಎಲ್ಲರ ಕೈಯಲ್ಲೂ ಎಲೆ. ಕೆಳಗಿನವರು ಬಿಳಿ ಪಂಚೆಯಲ್ಲಿ ನೇರವಾಗಿ ನನ್ನ ಹತ್ತಿರವೇ ಬಂದು ಜಮ್ಮಿ ಎಲೆ ಮುಂದೆ ಚಾಚಿದರು. ನಾನು ಎರಡೂ ಕೈ ಬೆನ್ನಿಗೆ ಒಯ್ದೆ.

"ನಂಗ ಬ್ಯಾಡ್ರಿ," ಎಂದೆ, ಕನ್ನಡದಲ್ಲೇ. ಮತ್ತೆ ತೆಲುಗಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ, "ಜಮ್ಮಿಯನ್ನೂ ಕೊಂಡು ತರುತ್ತೇನೆ ಬಿಡಿ, ಎಲ್ಲಾ ಕಡೆ ಸಿಗುತ್ತಲ್ಲ," ಎಂದೆ.

ಸುತ್ತಲಿನವರೆಲ್ಲ ನಮ್ಮ ಕಡೆ ತಿರುಗಿದರು. ಇದೇ ಕ್ಷಣಕ್ಕೆ ನಾನು ಒಂದು ವಾರ ಕೈ ಸವೆಸಿದ್ದು. ಕೆಳಗಿನವರು ತಲೆ ತಗ್ಗಿಸುತ್ತಾರೆ ಎಂದು ಕಾದೆ. ಅವರು ನನ್ನ ಕಡೆ ನೋಡಲೇ ಇಲ್ಲ. ನನ್ನ ಪಕ್ಕದಲ್ಲಿದ್ದ ಗಂಡನ ಕಡೆ ತಿರುಗಿ, ಹೆಚ್ಚುಕಡಿಮೆ ಅಳುವ ದನಿಯಲ್ಲಿ, "ಅಣ್ಣಾ, ನನ್ನಿಂದ ಆಗೋದಿಲ್ಲ. ಹಬ್ಬದ ದಿನ ಈ ಪಾಪ ನನಗೆ ಬೇಡ. ನೀವೇ ಹೇಳ್ತೀರೋ, ನಾನು ಹೇಳಲೋ?" ಎಂದರು.

ನನ್ನ ಗಂಡ ಕನ್ನಡಕ ತೆಗೆದು ಒರೆಸತೊಡಗಿದರು.

ಆಮೇಲೆ ಹೇಳಿದ್ದೆಲ್ಲ ಕೆಳಗಿನವರೇ. ನನ್ನ ರೊಟ್ಟಿಯ ಸದ್ದು ಅವರು ಒಂದು ದಿನವೂ ಕೇಳಿಲ್ಲ. ಕೂದಲ ಮರೆಯಲ್ಲಿದ್ದ ಸಣ್ಣ ಯಂತ್ರವನ್ನು ಕಿವಿಯಿಂದ ತೆಗೆದು ಅಂಗೈಯಲ್ಲಿಟ್ಟು ತೋರಿಸಿದರು. ಮಲಗುವಾಗ ಅದನ್ನು ತೆಗೆದಿಡುತ್ತಾರೆ. ತೆಗೆದಿಟ್ಟರೆ ತಲೆಯ ಮೇಲೆ ಮನೆ ಬಿದ್ದರೂ ಗೊತ್ತಾಗುವುದಿಲ್ಲವಂತೆ. ಬಂದು ದೂರು ಹೇಳಿ ಎಂದು ಪಾರ್ಕಿನಲ್ಲಿ ಬೇಡಿಕೊಂಡವರು ನನ್ನ ಗಂಡ. ಏನೇನು ಹೇಳಬೇಕೆಂದು ಹೇಳಿಕೊಟ್ಟವರೂ ಅವರೇ.

"ಕೊಂಡು ತಿನ್ನಿ ಅನ್ನೋದೊಂದು ನಾನೇ ಸೇರಿಸಿದೆ, ಅಮ್ಮಾ. ತಪ್ಪಾಯ್ತು. ನಾನು ಒಬ್ಬನೇ ಇರೋನು, ದಿನಾ ಕೊಂಡೇ ತಿನ್ನೋದು, ಬಾಯಿಗೆ ಬಂದುಬಿಡ್ತು," ಎಂದರು.

ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎನ್ನುತ್ತಾರಲ್ಲ, ನಾನು ವಾರವಿಡೀ ಬಾರಿಸಿದ್ದು ಅದನ್ನೇ. ನಗುವವರು ನಕ್ಕರು. ನಾನು ಪಕ್ಕಕ್ಕೆ ತಿರುಗಿದೆ.

"ಯಾಕ್ರಿ?" ಎಂದೆ ಗಂಡನಿಗೆ.

"ರಾತ್ರಿ ನಿದ್ದಿಯೊಳಗ ಕೈ ಹಿಡಕೊಂಡು ನರಳ್ತಿ," ಎಂದರು. "ಕೇಳಿದ್ರ ಏನಿಲ್ಲ ಅಂತಿ. ರೊಟ್ಟಿ ಬಿಡು ಅಂತ ನಾ ಹೇಳಿದ್ರ ನೀ ಕೇಳ್ತಿದ್ದೇನು? ಹೊರಗಿನವ್ರು ಬಂದು ಹೇಳಿದ್ರ ನಾಚಿ ಬಿಡ್ತಿ ಅನ್ಕೊಂಡೆ. ಹಿಂಗ ಆಗ್ತೈತಿ ಅಂತ ಗೊತ್ತಿರ್ಲಿಲ್ಲ."

ಗೊತ್ತಿರಲಿಲ್ಲವಂತೆ! ಅದೇ ನನಗೆ ಎಲ್ಲಕ್ಕಿಂತ ಹೆಚ್ಚು ಉರಿದದ್ದು. ಇಷ್ಟು ವರ್ಷ ನನ್ನ ಎದುರಿಗೆ ಕೂತು ಉಂಡ ಮನುಷ್ಯನಿಗೆ, ಯಾರಾದರೂ ನಿಲ್ಲಿಸು ಎಂದರೆ ನಾನು ಎರಡರಷ್ಟು ಬಡಿಯುವವಳು ಎಂದು ಗೊತ್ತಿರಲಿಲ್ಲ. ನಾಚಿ ಬಿಡುತ್ತೇನಂತೆ. ಯಾವ ಹೆಂಡತಿಯ ಬಗ್ಗೆ ಇವರು ಯೋಚಿಸಿದ್ದು?

ಕೆಳಗಿನವರು ಇನ್ನೂ ಎಲೆ ಹಿಡಿದೇ ನಿಂತಿದ್ದರು. ಅವರ ತಪ್ಪಿಲ್ಲದ ಮೇಲೆ ತೆಗೆದುಕೊಳ್ಳಬೇಕು. ಬನ್ನಿಗೆ ಎಡಗೈ ಒಡ್ಡುವ ಹಾಗಿಲ್ಲ. ಸೆರಗಿನಿಂದ ಬಲಗೈ ಹೊರಗೆ ತೆಗೆದು ಚಾಚಿದೆ. ಅವರು ಎಲೆ ಇಟ್ಟರು. ಬೆರಳು ಮಡಚಲು ನೋಡಿದೆ, ಮಡಚಲಿಲ್ಲ. ಎಲೆ ಜಾರಿ ನೆಲಕ್ಕೆ ಬಿತ್ತು. ಆರು ತಿಂಗಳಿಂದ ನಾನು ಬಚ್ಚಿಟ್ಟಿದ್ದನ್ನು ಇಡೀ ಅಪಾರ್ಟ್‌ಮೆಂಟ್ ನೋಡಿತು. ನನ್ನ ಗಂಡ ಬಗ್ಗಿ ಎಲೆ ಎತ್ತಿಕೊಡಲು ಬಂದರು. ನಾನು ಅವರನ್ನು ದಾಟಿಕೊಂಡು ಮನೆಗೆ ಬಂದೆ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಕಟ್ಟಿದವರು ನಮ್ಮ ಮನೆಗೆ ಬಂದಿರಲಿಲ್ಲ. ಗಂಡ ತಮ್ಮ ಪಾಲಿನ ಬನ್ನಿ ಹಿಡಿದುಕೊಂಡು ನನ್ನ ಹಿಂದೆ ಹಾಲಿಗೆ, ಅಡುಗೆಮನೆಗೆ, ಬಾಲ್ಕನಿಗೆ ಬಂದರು. ನಾನು ತೆಗೆದುಕೊಳ್ಳಲಿಲ್ಲ. ಈ ಜಗಳ ಮುಗಿಯಬಾರದು ಎಂದೇ ತೀರ್ಮಾನಿಸಿದ್ದೆ. ಆದರೆ ಸೇಡು ತೀರಿಸಿಕೊಳ್ಳುವುದು ಹೇಗೆ? ಹೆಂಡತಿಗೆ ಗಂಡನ ಮೇಲೆ ಸಿಟ್ಟು ಬಂದರೆ ಇರುವುದು ಒಂದೇ ಅಸ್ತ್ರ: ನಾಳೆಯಿಂದ ರೊಟ್ಟಿ ಮಾಡುವುದಿಲ್ಲ ಎನ್ನುವುದು. ಅಂದರೆ ಅವರೇ ಗೆದ್ದ ಹಾಗೆ. ಅವರಿಗೆ ಬೇಕಿದ್ದುದೇ ಅದು. ಹಟಕ್ಕೆ ಮತ್ತೆ ರೊಟ್ಟಿ ಬಡಿದರೆ ಕೈ ಶಾಶ್ವತವಾಗಿ ಹೋಗುತ್ತದೆ, ಅದು ನನಗೂ ಗೊತ್ತಾಗಿಬಿಟ್ಟಿತ್ತು. ಅತ್ತ ದರಿ, ಇತ್ತ ಪುಲಿ. ಈ ಮನುಷ್ಯ ನನಗೆ ಸಿಟ್ಟು ಮಾಡಲೂ ದಾರಿ ಬಿಟ್ಟಿರಲಿಲ್ಲ. ಹಾಸಿಗೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿ, ನಿಜ ಹೇಳುತ್ತೇನೆ, ಅತ್ತುಬಿಟ್ಟೆ. ಕೈನೋವಿಗಲ್ಲ, ಅವರು ಗೆದ್ದರಲ್ಲ ಎಂದು.

ಭಾನುವಾರ ಮಧ್ಯಾಹ್ನ ಪರಾತ ಇಳಿಸಿ ಹಿಟ್ಟು ಸುರಿದೆ. ನೀರು ಕಾಯಿಸಿದೆ. ಸದ್ದು ಕೇಳಿ ಗಂಡ ಓಡಿ ಬಂದು, "ಮುಟ್ಟಬ್ಯಾಡ!" ಎಂದು ಕೂಗಿದರು. ಅವರು ಹಾಗೆ ಕೂಗಿದ್ದನ್ನು ನಾನು ಮೊದಲು ಕೇಳಿರಲಿಲ್ಲ.

"ನಾ ಮುಟ್ಟಂಗಿಲ್ಲ. ನೀವು ಬಡೀರಿ," ಎಂದೆ.

"ನಾನಾ?"

"ನನಗ ರೊಟ್ಟಿ ಬೇಕು. ಕೊಂಡು ತಿನ್ನಂಗಿಲ್ಲ. ಚಪಾತಿ ತಿನ್ನಂಗಿಲ್ಲ. ನನ್ನ ಕೈ ಬಿಡಿಸಿದವ್ರು ನೀವು, ನೀವಽ ಮಾಡ್ರಿ."

ಎದುರಿಗೆ ಸ್ಟೂಲ್ ಹಾಕಿಕೊಂಡು ಕೂತೆ. ಕೈ ತೋರಿಸಿಕೊಡಲಿಲ್ಲ, ಬಾಯಲ್ಲಿ ಮಾತ್ರ ಹೇಳಿದೆ, ಮೈದಾನದಲ್ಲಿ ಹೇಳುತ್ತಿದ್ದ ದನಿಯಲ್ಲೇ. ಬಿಸಿನೀರು ಹಾಕಿ ಕಲಸುವಾಗ ಬೆರಳು ಸುಟ್ಟುಕೊಂಡರು. ಇನ್ನೂ ನಾದ್ರಿ ಎಂದೆ. ಮೊದಲನೇ ರೊಟ್ಟಿ ಬಡಿಯುವಾಗಲೇ ಮೂರು ಹೋಳಾಯಿತು. ಬೇಯಿಸಿ ತಾಟಿಗೆ ಹಾಕ್ರಿ ಎಂದೆ. ಎರಡನೆಯದು ಹಂಚಿಗೆ ಹಾಕುವಾಗ ಮಡಚಿಕೊಂಡು ಬಿತ್ತು. ಅದನ್ನೂ ತಾಟಿಗೆ ಹಾಕಿಸಿದೆ. ಬೆವರು ಅವರ ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಕನ್ನಡಕದ ಮೇಲೆಲ್ಲ ಹಿಟ್ಟು. ನೋಡುತ್ತ ಕೂತ ನನಗೆ ಇಡೀ ವಾರ ಸಿಗದ ಸುಖ ಸಿಗುತ್ತಿತ್ತು.

ಮೂರನೆಯದರ ನಡುವೆ ನಿಲ್ಲಿಸಿದರು. ಮಣಿಕಟ್ಟು ಒತ್ತಿಕೊಳ್ಳುತ್ತ, ಮುಖ ಕಿವುಚಿ, "ಕೈ ಭಾಳ ನೋಯಾಕತ್ತೈತಿ," ಎಂದರು.

ಎಷ್ಟು ಸಲೀಸಾಗಿ ಹೇಳಿಬಿಟ್ಟರು! ಉಗಾದಿಯಿಂದ ದಸರೆಯವರೆಗೆ ನನ್ನ ಗಂಟಲಿನಿಂದ ಹೊರಡದ ಮಾತು. ಮೂರನೇ ರೊಟ್ಟಿಗೇ ಹೇಳಿ, ಅದು ಏನೂ ಅಲ್ಲವೆನ್ನುವ ಹಾಗೆ ನನ್ನ ಮುಖ ನೋಡುತ್ತಿದ್ದರು.

"ನನಗೂ," ಎಂದೆ.

ಅವರು ಕೈ ತೊಳೆಯಲು ನಲ್ಲಿಯ ಕಡೆ ತಿರುಗಿದರು. ನನ್ನ ಹತ್ತಿರ ಬರುವವರಿದ್ದರೇನೋ.

"ತೊಳೀಬ್ಯಾಡ್ರಿ," ಎಂದೆ. "ಹಿಟ್ಟು ಇನ್ನೂ ಐತಿ."